ಕೇಳದ ಸದ್ದನ್ನು ನೀರಿಗಿಳಿಸಿದ ಮೇಷ್ಟ್ರು: ಪಾಲ್ ಲಾಂಜೆವಿನ್

ಬೋಧನಾಭ್ಯಾಸದ ಎರಡನೇ ವಾರ ಒಂಬತ್ತನೇ ತರಗತಿಗೆ ‘ಶಬ್ದ’ ಪಾಠ ಮಾಡುತ್ತಿದ್ದೆ. ಶ್ರವಣಾತೀತ ಧ್ವನಿಯ ಉಪಯೋಗಗಳನ್ನು ಕಪ್ಪುಹಲಗೆಯ ಮೇಲೆ ಪಟ್ಟಿ ಮಾಡಿದ್ದೆ. ಕೈಗೆಟುಕದ ಸಂದುಗೊಂದುಗಳಿರುವ ಯಂತ್ರದ ಭಾಗಗಳನ್ನು ದ್ರಾವಣದಲ್ಲಿ ಮುಳುಗಿಸಿ, ಅದರೊಳಗೆ ಶ್ರವಣಾತೀತ ಧ್ವನಿಯನ್ನು ಹಾಯಿಸಿ ಶುಚಿಗೊಳಿಸುತ್ತಾರೆ ಎಂಬುದು ಪಟ್ಟಿಯ ಮೊದಲ ಸಾಲು. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು, ಕಾರ್ಬುರೇಟರಿನ ಪಕ್ಕದಲ್ಲಿ ಜೋರಾಗಿ ಹಾರ್ನ್ ಬಾರಿಸಿದರೆ ಅದರ ಜಿಡ್ಡು ಹೋಗುತ್ತದೆಯೇ ಎಂದು ಕೇಳಿದ. ತರಗತಿ ನಕ್ಕಿತು, ನಾನೂ ನಕ್ಕೆ. ಶ್ರವಣಾತೀತ ಧ್ವನಿಯ ಕಂಪನ ಬಹಳ ವೇಗವಾದದ್ದು, ಆ ಕಂಪನಕ್ಕೆ ಕೊಳೆ ಉದುರಿಬೀಳುತ್ತದೆ ಎಂದು ಹೇಳಿ ಮುಂದೆ ಹೋದೆ.

ಪಾಠ ಮುಗಿದ ಮೇಲೆ ನನ್ನ ಪಾಠಯೋಜನೆ ಪುಸ್ತಕದಲ್ಲಿ ಮಾರ್ಗದರ್ಶಕರು ಒಂದೇ ಪ್ರಶ್ನೆ ಬರೆದಿದ್ದರು. ಕಂಪನವೇ ಕೊಳೆಯನ್ನು ಉದುರಿಸುವುದಾದರೆ ದ್ರಾವಣ ಏಕೆ ಬೇಕು ಎಂಬುದು ಅವರ ಪ್ರಶ್ನೆ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗ ಕೇಳಿದ್ದೂ ಬೇರೆ ಮಾತಿನಲ್ಲಿ ಇದನ್ನೇ ಎಂದು ಆಗ ಹೊಳೆಯಿತು. ಉತ್ತರ ಹುಡುಕುತ್ತ ಹೋದಾಗ ಗುಳ್ಳೆಗಳ ವಿಷಯ ತಿಳಿಯಿತು. ಆ ಗುಳ್ಳೆಗಳ ಹಿಂದೆ ಹೋದಾಗ ಒಬ್ಬ ಮೇಷ್ಟ್ರು ಸಿಕ್ಕರು. ಅವರೇ ಫ್ರಾನ್ಸಿನ ಭೌತವಿಜ್ಞಾನಿ ಪಾಲ್ ಲಾಂಜೆವಿನ್. ಪಠ್ಯಪುಸ್ತಕದ ಒಂದು ಸಾಲಿನ ಹಿಂದೆ ಇಡೀ ಒಂದು ಬದುಕು ಇರಬಹುದು ಎಂಬುದನ್ನು ತಿಳಿಸುವ ಅವರ ಜೀವನವನ್ನು ವಿಜ್ಞಾನ ಬೋಧಿಸುವ ನನ್ನ ಸಹಪಾಠಿಗಳಿಗಾಗಿ ಇಲ್ಲಿ ಬರೆದಿದ್ದೇನೆ.

ಓದು ಮತ್ತು ಗುರು

ಲಾಂಜೆವಿನ್ ಹುಟ್ಟಿದ್ದು 1872ರ ಜನವರಿ 23ರಂದು, ಪ್ಯಾರಿಸ್ಸಿನ ಸಾಧಾರಣ ಸ್ಥಿತಿಯ ಒಂದು ಕುಟುಂಬದಲ್ಲಿ. 1888ರಲ್ಲಿ, ಹದಿನಾರನೇ ವಯಸ್ಸಿಗೆ, ಪ್ಯಾರಿಸ್ ನಗರದ ಕೈಗಾರಿಕಾ ಭೌತ ಮತ್ತು ರಸಾಯನ ವಿಜ್ಞಾನ ಶಾಲೆಗೆ ಸೇರಿದರು. ಆ ಶಾಲೆ ಆರಂಭವಾಗಿ ಆಗಿನ್ನೂ ಆರು ವರ್ಷ. ಅಲ್ಲಿ ಹುಡುಗರು ದಿನದ ಬಹುಪಾಲನ್ನು ಪ್ರಯೋಗಾಲಯದಲ್ಲೇ ಕಳೆಯಬೇಕಿತ್ತು. ಪುಸ್ತಕ ಓದುವಷ್ಟೇ ಮುಖ್ಯವಾಗಿ ಗಾಜು ಕಾಯಿಸುವುದು, ಲೋಹ ಅರೆಯುವುದು, ಉಪಕರಣ ಜೋಡಿಸುವುದು ನಡೆಯುತ್ತಿತ್ತು.

ಭೌತವಿಜ್ಞಾನದ ಪ್ರಯೋಗಗಳನ್ನು ಅಲ್ಲಿ ನೋಡಿಕೊಳ್ಳುತ್ತಿದ್ದವರು ಪಿಯೆರ್ ಕ್ಯೂರಿ. ಆಗ ಅವರ ವಯಸ್ಸು ಮೂವತ್ತು ದಾಟಿರಲಿಲ್ಲ, ಮಾರಿ ಅವರ ಪರಿಚಯವೂ ಆಗಿರಲಿಲ್ಲ. ಈ ಗುರುವಿನ ಜೊತೆ ಪ್ರಯೋಗಾಲಯದಲ್ಲಿ ಕಳೆದ ಹೊತ್ತು ಲಾಂಜೆವಿನ್ನರ ಮುಂದಿನ ದಾರಿಯನ್ನು ನಿರ್ಧರಿಸಿತು. ಆ ಬಳಿಕ ಅವರು ಅಧ್ಯಾಪಕರನ್ನು ತಯಾರು ಮಾಡುವ ಪ್ರಸಿದ್ಧ ಎಕೋಲ್ ನಾರ್ಮಲ್ ಸುಪೀರಿಯರ್‌ನಲ್ಲಿ ಓದಿದರು. 1897ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋಗಿ ಜೆ. ಜೆ. ಥಾಮ್ಸನ್ ಅವರ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಒಂದು ವರ್ಷ ಕೆಲಸ ಮಾಡಿದರು. ಅದು ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದ ವರ್ಷ. ಊರಿಗೆ ಮರಳಿ, ಅಯಾನೀಕರಿಸಿದ ಅನಿಲಗಳ ಮೇಲೆ ಸಂಶೋಧನೆ ನಡೆಸಿ 1902ರಲ್ಲಿ ಡಾಕ್ಟರೇಟ್ ಪಡೆದರು.

1905ರಲ್ಲಿ ಪಿಯೆರ್ ಕ್ಯೂರಿ ಬಿಟ್ಟುಹೋದ ಪೀಠದಲ್ಲೇ, ತಾವು ಓದಿದ ಶಾಲೆಯಲ್ಲೇ, ಲಾಂಜೆವಿನ್ ಪ್ರಾಧ್ಯಾಪಕರಾದರು. ಅದೇ ವರ್ಷ ವಸ್ತುಗಳ ಕಾಂತೀಯ ಗುಣವನ್ನು ಪರಮಾಣುಗಳೊಳಗಿನ ಎಲೆಕ್ಟ್ರಾನ್‌ಗಳ ಮೂಲಕ ವಿವರಿಸುವ ಸಿದ್ಧಾಂತವನ್ನು ಪ್ರಕಟಿಸಿದರು. ಬಿ.ಎಸ್ಸಿ.ಯಲ್ಲಿ ಪ್ಯಾರಾಮ್ಯಾಗ್ನೆಟಿಸಂ ಓದಿದ ನಮಗೆಲ್ಲ ‘ಲಾಂಜೆವಿನ್ ಸಿದ್ಧಾಂತ’ ಎಂಬ ಹೆಸರು ನೆನಪಿರಬೇಕು. ನಾನಂತೂ ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಆ ಹೆಸರಿನ ಮನುಷ್ಯನೇ ನನ್ನ ಒಂಬತ್ತನೇ ತರಗತಿಯ ಪಾಠದಲ್ಲೂ ಅಡಗಿದ್ದಾರೆಂದು ಗೊತ್ತಿರಲಿಲ್ಲ.

ಕ್ಯೂರಿ ಸಹೋದರರ ಬೆಣಚುಕಲ್ಲು

ಮುಂದಿನ ಕಥೆಗೆ ಒಂದು ಕಲ್ಲು ಬೇಕು. 1880ರಲ್ಲಿ, ಪಿಯೆರ್ ಕ್ಯೂರಿಗೆ ಇಪ್ಪತ್ತೊಂದು ವರ್ಷವಾಗಿದ್ದಾಗ, ಅವರೂ ಅವರ ಅಣ್ಣ ಜಾಕ್ ಕ್ಯೂರಿಯೂ ಕೂಡಿ ಒಂದು ಸಂಗತಿಯನ್ನು ಕಂಡುಹಿಡಿದಿದ್ದರು. ಸರಿಯಾದ ದಿಕ್ಕಿನಲ್ಲಿ ಕತ್ತರಿಸಿದ ಕ್ವಾರ್ಟ್ಜ್, ಅಂದರೆ ಬೆಣಚುಕಲ್ಲಿನ ಸ್ಫಟಿಕವನ್ನು ಒತ್ತಿದರೆ ಅದರ ಎರಡು ಮುಖಗಳಲ್ಲಿ ವಿದ್ಯುದಾವೇಶ ಕಾಣಿಸಿಕೊಳ್ಳುತ್ತದೆ. ಇದೇ ಪೀಜೋ ವಿದ್ಯುತ್. ಇದರ ತಿರುವುಮುರುವೂ ನಡೆಯಬೇಕು, ಅಂದರೆ ವಿದ್ಯುತ್ ಕೊಟ್ಟರೆ ಸ್ಫಟಿಕ ಹಿಗ್ಗಿ ಕುಗ್ಗಬೇಕು ಎಂದು ಲಿಪ್‌ಮನ್ 1881ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅದೇ ವರ್ಷ ಕ್ಯೂರಿ ಸಹೋದರರು ಪ್ರಯೋಗದಿಂದ ಅದನ್ನು ಖಚಿತಪಡಿಸಿದರು.

ಮೂವತ್ತಕ್ಕೂ ಹೆಚ್ಚು ವರ್ಷ ಈ ಸಂಗತಿ ಪ್ರಯೋಗಾಲಯದ ಒಂದು ವಿಶೇಷವಾಗಿಯೇ ಉಳಿಯಿತು. ಮಾರಿ ಕ್ಯೂರಿ ವಿಕಿರಣಶೀಲ ವಸ್ತುಗಳಿಂದ ಹೊಮ್ಮುವ ಅತಿ ಸಣ್ಣ ವಿದ್ಯುತ್ತನ್ನು ಅಳೆದದ್ದು ಇಂಥ ಕ್ವಾರ್ಟ್ಜ್ ಉಪಕರಣದಿಂದಲೇ. ಆದರೆ ಕಾರ್ಖಾನೆಗೆ, ಹಡಗಿಗೆ, ಆಸ್ಪತ್ರೆಗೆ ಅದರಿಂದ ಏನಾದರೂ ಆದೀತು ಎಂದು ಯಾರೂ ಎಣಿಸಿರಲಿಲ್ಲ. ಪಿಯೆರ್ ಕ್ಯೂರಿ 1906ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರ ಕಲ್ಲಿನ ಗುಣ ಶಿಷ್ಯನ ನೆನಪಿನಲ್ಲಿ ಉಳಿದಿತ್ತು.

ನೀರೊಳಗಿನ ಹುಡುಕಾಟ

1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಹಡಗು ಹಿಮಗಡ್ಡೆಗೆ ಬಡಿದು ಮುಳುಗಿತು. ನೀರಿನಲ್ಲಿ ಶಬ್ದವನ್ನು ಕಳಿಸಿ, ಪ್ರತಿಧ್ವನಿಯಿಂದ ಎದುರಿನ ಅಡ್ಡಿಯನ್ನು ಗುರುತಿಸಬಹುದು ಎಂದು ಅದೇ ವರ್ಷ ಇಂಗ್ಲೆಂಡಿನ ಲೂಯಿಸ್ ರಿಚರ್ಡ್‌ಸನ್ ಪೇಟೆಂಟಿಗೆ ಅರ್ಜಿ ಹಾಕಿದರು. ಉಪಾಯ ಸರಿಯಾಗಿತ್ತು, ಆದರೆ ಅಂಥ ಧ್ವನಿ ಹೊರಡಿಸುವ ಸಾಧನ ಇರಲಿಲ್ಲ. ಎರಡು ವರ್ಷಗಳಲ್ಲಿ ಮೊದಲನೇ ಮಹಾಯುದ್ಧ ಶುರುವಾಯಿತು. ಜರ್ಮನಿಯ ಜಲಾಂತರ್ಗಾಮಿಗಳು ಹಡಗುಗಳನ್ನು ಕಣ್ಣಿಗೆ ಕಾಣದಂತೆ ಬಂದು ಮುಳುಗಿಸತೊಡಗಿದವು. ಬೆಳಕೂ ರೇಡಿಯೊ ಅಲೆಗಳೂ ಸಮುದ್ರದ ನೀರಿನಲ್ಲಿ ಹೆಚ್ಚು ದೂರ ಹೋಗಲಾರವು. ಶಬ್ದ ಮಾತ್ರ ಹೋಗಬಲ್ಲದು.

1915ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿದ್ದ ರಷ್ಯನ್ ಎಂಜಿನಿಯರ್ ಕಾನ್‌ಸ್ಟಾಂಟಿನ್ ಚಿಲೋವ್‌ಸ್ಕಿ, ಶ್ರವಣಾತೀತ ಧ್ವನಿಯಿಂದ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚುವ ಸಲಹೆಯನ್ನು ಫ್ರಾನ್ಸ್ ಸರಕಾರಕ್ಕೆ ಕಳಿಸಿದರು. ಸರಕಾರ ಅದನ್ನು ಲಾಂಜೆವಿನ್ನರ ಮುಂದಿಟ್ಟಿತು. ಕೇಳುವ ಶಬ್ದವನ್ನು ಬಿಟ್ಟು ಕೇಳದ ಶಬ್ದವೇ ಏಕೆ ಎಂಬುದು ತರಗತಿಯಲ್ಲಿ ಬರಬಹುದಾದ ಪ್ರಶ್ನೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಆವೃತ್ತಿ 1000 ಹರ್ಟ್ಸ್ ಆದರೆ ತರಂಗದೂರ ಒಂದೂವರೆ ಮೀಟರ್. ಅಂಥ ಅಲೆ ಎಲ್ಲ ಕಡೆಗೂ ಹರಡಿಹೋಗುತ್ತದೆ. ಆವೃತ್ತಿ 40,000 ಹರ್ಟ್ಸ್ ಆದರೆ ತರಂಗದೂರ ನಾಲ್ಕು ಸೆಂಟಿಮೀಟರಿಗಿಂತ ಕಡಿಮೆ. ಆಗ ಸಾಧಾರಣ ಗಾತ್ರದ ತಟ್ಟೆಯಿಂದಲೇ ಧ್ವನಿಯನ್ನು ಟಾರ್ಚಿನ ಬೆಳಕಿನಂತೆ ಒಂದು ದಿಕ್ಕಿಗೆ ಕಳಿಸಬಹುದು.

ಲಾಂಜೆವಿನ್ ಮತ್ತು ಚಿಲೋವ್‌ಸ್ಕಿ ಮೊದಲು ಅಭ್ರಕದ ಹಾಳೆ ಬಳಸಿದ ಒಂದು ಬಗೆಯ ಕೆಪಾಸಿಟರಿನಿಂದ ಧ್ವನಿ ಹೊರಡಿಸಿದರು. ಪ್ಯಾರಿಸ್ಸಿನ ನಡುವೆ ಹರಿಯುವ ಸೀನ್ ನದಿಯಲ್ಲಿ ಪರೀಕ್ಷೆ ನಡೆಯಿತು. ನಂತರ ಕೆಲಸ ದಕ್ಷಿಣದ ತೂಲೊನ್ ನೌಕಾನೆಲೆಗೆ ಸಾಗಿತು. ಸಂಕೇತ ಒಂದಷ್ಟು ದೂರ ಹೋಗುತ್ತಿತ್ತು, ಕಬ್ಬಿಣದ ತಟ್ಟೆಯಿಂದ ಪ್ರತಿಧ್ವನಿಯೂ ಬಂತು. ಆದರೆ ಬಹಳ ಹೆಚ್ಚಿನ ವೋಲ್ಟೇಜ್ ಬೇಕಾಗುತ್ತಿದ್ದುದರಿಂದ ಆ ಸಾಧನದ ಮೇಲೆ ಭರವಸೆ ಇಡುವಂತಿರಲಿಲ್ಲ.

ಉಕ್ಕು, ಕ್ವಾರ್ಟ್ಜ್, ಉಕ್ಕು

1917ರ ಆರಂಭದಲ್ಲಿ ಲಾಂಜೆವಿನ್ ಗುರುವಿನ ಬೆಣಚುಕಲ್ಲಿಗೆ ಮರಳಿದರು. ಮೊದಲು ಧ್ವನಿಯನ್ನು ಗ್ರಹಿಸಲು ಕ್ವಾರ್ಟ್ಜ್ ಬಳಸಿದರು. ಬಂದ ಅಲೆ ಕಲ್ಲನ್ನು ಒತ್ತುತ್ತದೆ, ಕಲ್ಲು ವಿದ್ಯುತ್ ಕೊಡುತ್ತದೆ. ಆ ಕ್ಷೀಣ ವಿದ್ಯುತ್ತನ್ನು ಹಿಗ್ಗಿಸಲು ಫ್ರಾನ್ಸಿನ ಸೈನ್ಯದ ರೇಡಿಯೊ ವಿಭಾಗ ಆಗತಾನೇ ರೂಪಿಸಿದ್ದ ನಿರ್ವಾತ ಕೊಳವೆಯ ಆಂಪ್ಲಿಫೈಯರ್ ನೆರವಿಗೆ ಬಂತು. ಧ್ವನಿ ಹೊರಡಿಸಲೂ ಕ್ವಾರ್ಟ್ಜನ್ನೇ ಬಳಸುವುದು ಮುಂದಿನ ಹೆಜ್ಜೆ.

ಇಲ್ಲೊಂದು ತೊಡಕಿತ್ತು. ಪ್ರತಿ ತಟ್ಟೆಗೂ ತನ್ನ ದಪ್ಪಕ್ಕೆ ತಕ್ಕ ಒಂದು ಸಹಜ ಆವೃತ್ತಿ ಇರುತ್ತದೆ. ಆ ಆವೃತ್ತಿಯಲ್ಲಿ ತಳ್ಳಿದರೆ ಮಾತ್ರ ಅದು ಜೋರಾಗಿ ಕಂಪಿಸುತ್ತದೆ. ಉಯ್ಯಾಲೆಯನ್ನು ಹೊತ್ತು ನೋಡಿ ತಳ್ಳುವ ಹಾಗೆ. ಸುಮಾರು 40,000 ಹರ್ಟ್ಸ್‌ಗೆ ಕಂಪಿಸಬೇಕಾದರೆ ಏಳು ಸೆಂಟಿಮೀಟರ್ ದಪ್ಪದ ಕ್ವಾರ್ಟ್ಜ್ ಬೇಕು. ಅಷ್ಟು ದಪ್ಪದ, ದೋಷವಿಲ್ಲದ, ಅಗಲವಾದ ಸ್ಫಟಿಕ ಸಿಗುವುದು ಕಷ್ಟ. ಸಿಕ್ಕರೂ ಅಷ್ಟು ದಪ್ಪವನ್ನು ಕಂಪಿಸಲು ಬೇಕಾಗುವ ವೋಲ್ಟೇಜ್ ವಿಪರೀತ.

ಲಾಂಜೆವಿನ್ ಕಂಡುಕೊಂಡ ಪರಿಹಾರ ಸರಳವಾದದ್ದು. ಕ್ವಾರ್ಟ್ಜನ್ನು ಸುಮಾರು 4 ಮಿಲಿಮೀಟರ್ ದಪ್ಪದ ತೆಳು ಬಿಲ್ಲೆಗಳಾಗಿ ಕತ್ತರಿಸಿ, ನೆಲಕ್ಕೆ ಕಲ್ಲು ಹಾಸುವಂತೆ ಪಕ್ಕಪಕ್ಕದಲ್ಲಿ ಜೋಡಿಸಿದರು. ಅವುಗಳ ಮೇಲೊಂದು ಕೆಳಗೊಂದು ಸುಮಾರು 3 ಸೆಂಟಿಮೀಟರ್ ದಪ್ಪದ ಉಕ್ಕಿನ ತಟ್ಟೆಗಳನ್ನು ಅಂಟಿಸಿದರು. ಉಕ್ಕಿನಲ್ಲೂ ಕ್ವಾರ್ಟ್ಜ್‌ನಲ್ಲೂ ಶಬ್ದದ ವೇಗ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಮೂರು ಪದರವೂ ಸೇರಿ ಒಂದೇ ದಪ್ಪ ತಟ್ಟೆಯಂತೆ ಕಂಪಿಸಿದವು. ಕಲ್ಲು ತೆಳ್ಳಗಿದ್ದದ್ದರಿಂದ ವೋಲ್ಟೇಜ್ ಕೈಗೆಟುಕುವ ಮಟ್ಟಕ್ಕೆ ಇಳಿಯಿತು. ಉಕ್ಕಿನ ನಡುವೆ ಸ್ಫಟಿಕವಿಟ್ಟ ಈ ಜೋಡಣೆಗೆ ಇಂದಿಗೂ ‘ಲಾಂಜೆವಿನ್ ಟ್ರಾನ್ಸ್‌ಡ್ಯೂಸರ್’ ಎಂದೇ ಹೆಸರು.

1918ರ ಫೆಬ್ರುವರಿಯಲ್ಲಿ ತೂಲೊನ್‌ನಲ್ಲಿ ಸಂಕೇತ ಎಂಟು ಕಿಲೋಮೀಟರ್ ದೂರ ತಲುಪಿತು. ನೀರಿನೊಳಗಿದ್ದ ಜಲಾಂತರ್ಗಾಮಿಯಿಂದ ಸ್ಪಷ್ಟ ಪ್ರತಿಧ್ವನಿಯೂ ಮರಳಿ ಬಂತು. ಅದೇ ವರ್ಷದ ನವೆಂಬರಿನಲ್ಲಿ ಯುದ್ಧ ನಿಂತಿತು. ಆ ಯುದ್ಧಕ್ಕೆ ಸಾಧನ ತಡವಾಗಿ ಸಿದ್ಧವಾಯಿತು. ಆದರೆ ಮುಂದೆ ಸೋನಾರ್ ಎಂದು ಹೆಸರಾದದ್ದರ ಬೇರು ಇಲ್ಲಿದೆ. ಶಾಂತಿಯ ಕಾಲದಲ್ಲಿ ಅದೇ ತತ್ವ ಸಮುದ್ರದ ಆಳ ಅಳೆಯಲು ಬಳಕೆಗೆ ಬಂತು.

ಸತ್ತ ಮೀನುಗಳು ಹೇಳಿದ ಗುಟ್ಟು

ತೂಲೊನ್ ಪ್ರಯೋಗಗಳಲ್ಲಿ ಯಾರೂ ನಿರೀಕ್ಷಿಸದ ಒಂದು ಸಂಗತಿ ಕಂಡುಬಂತು. ಟ್ರಾನ್ಸ್‌ಡ್ಯೂಸರಿನ ಎದುರಿಗೆ ಬಂದ ಸಣ್ಣ ಮೀನುಗಳು ಸತ್ತು ತೇಲುತ್ತಿದ್ದವು. ಆ ಅಲೆಯ ದಾರಿಯಲ್ಲಿ ಕೈ ಇಟ್ಟರೆ ನೋವಾಗುತ್ತಿತ್ತು. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಅಲ್ಲಿಗೆ ಹೋಗಿದ್ದಾಗ ಇದನ್ನು ಕಣ್ಣಾರೆ ಕಂಡರು. ಅವರು ಅದನ್ನು ಮರೆಯಲಿಲ್ಲ. 1927ರಲ್ಲಿ ಆಲ್ಫ್ರೆಡ್ ಲೂಮಿಸ್ ಜೊತೆ ಸೇರಿ, ತೀವ್ರವಾದ ಶ್ರವಣಾತೀತ ಧ್ವನಿ ದ್ರವಗಳ ಮೇಲೂ ಜೀವಿಗಳ ಮೇಲೂ ಮಾಡುವ ಪರಿಣಾಮಗಳ ಬಗ್ಗೆ ವಿಸ್ತಾರವಾದ ಪ್ರಯೋಗಗಳನ್ನು ಪ್ರಕಟಿಸಿದರು.

ನೀರಿನೊಳಗೆ ನಡೆಯುತ್ತಿದ್ದದ್ದೇನು? ಉತ್ತರದ ಅರ್ಧಭಾಗ ಬೇರೆ ದಿಕ್ಕಿನಿಂದ ಬಂದಿತ್ತು. ವೇಗದ ಹಡಗುಗಳ ಪ್ರೊಪೆಲ್ಲರ್‌ಗಳು ಮುಳ್ಳು ಕೊರೆದಂತೆ ಸವೆದುಹೋಗುತ್ತಿದ್ದವು. ಅದಕ್ಕೆ ಕಾರಣ ಹುಡುಕುತ್ತ ಲಾರ್ಡ್ ರ‍್ಯಾಲೇ 1917ರಲ್ಲಿ ಒಂದು ಲೆಕ್ಕ ಮಾಡಿದರು. ದ್ರವದೊಳಗೆ ಒಂದು ಟೊಳ್ಳು ಗುಳ್ಳೆ ಥಟ್ಟನೆ ಕುಸಿದರೆ, ಸುತ್ತಲಿನ ನೀರೆಲ್ಲ ಒಂದು ಚುಕ್ಕೆಯ ಕಡೆಗೆ ನುಗ್ಗಿ, ಆ ಚುಕ್ಕೆಯಲ್ಲಿ ಭಾರಿ ಒತ್ತಡ ಉಂಟಾಗುತ್ತದೆ ಎಂದು ಅವರು ತೋರಿಸಿದರು. ಗುಳ್ಳೆ ಹುಟ್ಟಿ ಕುಸಿಯುವ ಈ ಕ್ರಿಯೆಗೆ ಕ್ಯಾವಿಟೇಶನ್ ಎಂದು ಹೆಸರು. ಒಬ್ಬರು ಹಡಗಿನ ಸವೆತದ ಬಗ್ಗೆ, ಇನ್ನೊಬ್ಬರು ಪ್ರತಿಧ್ವನಿಯ ಬಗ್ಗೆ ಒಂದೇ ವರ್ಷ ಕೆಲಸ ಮಾಡುತ್ತಿದ್ದರು. ಶುಚಿಗೊಳಿಸುವ ತೊಟ್ಟಿ ಇಬ್ಬರ ಯೋಚನೆಯಲ್ಲೂ ಇರಲಿಲ್ಲ. ಆದರೆ ತೊಟ್ಟಿಗೆ ಬೇಕಾದ ಎರಡು ಸಂಗತಿಗಳೂ ಅಲ್ಲೇ ಸಿದ್ಧವಾದವು.

ತೊಟ್ಟಿಯೊಳಗೆ ನಡೆಯುವುದು

ಲಾಂಜೆವಿನ್ ಬದುಕಿದ್ದಾಗ ಶ್ರವಣಾತೀತ ಶುಚಿಗೊಳಿಸುವ ಯಂತ್ರಗಳು ಕೈಗಾರಿಕೆಗೆ ಬಂದಿರಲಿಲ್ಲ. ಅವು ಹರಡಿದ್ದು 1950ರ ದಶಕದಲ್ಲಿ. ಆ ಹೊತ್ತಿಗೆ ಕ್ವಾರ್ಟ್ಜ್ ಬದಲು ಕುಲುಮೆಯಲ್ಲಿ ಸುಟ್ಟು ತಯಾರಿಸುವ ಪೀಜೋ ಸೆರಾಮಿಕ್ ಬಿಲ್ಲೆಗಳು ಬಂದಿದ್ದವು. ಅಂಟಿನ ಬದಲು ನಡುವೆ ಬೋಲ್ಟ್ ಹಾಕಿ ಬಿಗಿಯುವ ಪದ್ಧತಿ ಬಂತು. ಆದರೆ ಎರಡು ಲೋಹದ ತುಂಡುಗಳ ನಡುವೆ ಸ್ಫಟಿಕ ಎಂಬ ವಿನ್ಯಾಸ ಬದಲಾಗಲಿಲ್ಲ. ಇಂದು ಕನ್ನಡಕದ ಅಂಗಡಿಯಲ್ಲಿ, ದಂತವೈದ್ಯರ ಕೋಣೆಯಲ್ಲಿ, ವಾಚ್ ರಿಪೇರಿಯವರ ಮೇಜಿನ ಮೇಲೆ, ದೊಡ್ಡ ಕಾರ್ಖಾನೆಯಲ್ಲಿ ಇರುವ ಬಹುಪಾಲು ತೊಟ್ಟಿಗಳ ತಳಕ್ಕೆ ಹೊರಗಿನಿಂದ ಅಂಟಿಸಿರುವುದು ಇದನ್ನೇ.

ತಳ ಸೆಕೆಂಡಿಗೆ 40,000 ಸಲ ಮೇಲೆ ಕೆಳಗೆ ಕಂಪಿಸುತ್ತದೆ ಎಂದುಕೊಳ್ಳಿ. ನೀರು ಒಮ್ಮೆ ಒತ್ತಲ್ಪಡುತ್ತದೆ, ಮರುಗಳಿಗೆ ಎಳೆಯಲ್ಪಡುತ್ತದೆ. ಎಳೆದಾಗ ಒತ್ತಡ ಎಷ್ಟು ಇಳಿಯುತ್ತದೆಂದರೆ ನೀರೇ ಅಲ್ಲಲ್ಲಿ ಸೀಳಿ, ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ಹುಟ್ಟುತ್ತವೆ. ಮತ್ತೆ ಒತ್ತಿದಾಗ ಅವು ಕುಸಿಯುತ್ತವೆ. ಕುಸಿಯುವ ಕ್ಷಣ ಗುಳ್ಳೆಯೊಳಗಿನ ಉಷ್ಣತೆ ಸಾವಿರಾರು ಡಿಗ್ರಿಗೆ, ಒತ್ತಡ ನೂರಾರು ವಾಯುಭಾರಕ್ಕೆ ಏರುತ್ತದೆ. ಆದರೆ ಅದು ಅತಿ ಸಣ್ಣ ಜಾಗದಲ್ಲಿ, ಅತಿ ಕಡಿಮೆ ಹೊತ್ತು ನಡೆಯುವುದರಿಂದ ತೊಟ್ಟಿಯ ನೀರು ಕುದಿಯುವುದಿಲ್ಲ. ಗುಳ್ಳೆ ಒಂದು ವಸ್ತುವಿನ ಮೈಗೆ ಹತ್ತಿರವಿದ್ದರೆ ಎಲ್ಲ ಕಡೆಯಿಂದ ಸಮನಾಗಿ ಕುಸಿಯಲಾರದು. ವಸ್ತುವಿನ ಕಡೆಯಿಂದ ನೀರು ಬರಲು ಅಡ್ಡಿ, ಎದುರು ಕಡೆಯಿಂದ ಧಾರಾಳ. ಆಗ ಸೂಜಿಯಂಥ ಒಂದು ನೀರಿನ ಚಿಮ್ಮು ವಸ್ತುವಿನ ಮೈಗೆ ಬಡಿಯುತ್ತದೆ. ಇಂಥ ಲೆಕ್ಕವಿಲ್ಲದಷ್ಟು ಸೂಜಿಗಳು ಜಿಡ್ಡನ್ನು ಕೀಳುತ್ತವೆ. ದ್ರಾವಣ ನುಗ್ಗುವಲ್ಲೆಲ್ಲ ಗುಳ್ಳೆ ಹುಟ್ಟಬಲ್ಲದು. ಬ್ರಷ್ಷಿನ ಕೂದಲು ಹೋಗದ ಇಂಜೆಕ್ಟರಿನ ತೂತಿನೊಳಕ್ಕೂ, ಗಡಿಯಾರದ ಹಲ್ಲುಚಕ್ರದ ಸಂದಿಗೂ, ಸುರುಳಿ ಕೊಳವೆಗೂ ಅದು ತಲುಪುವುದು ಹೀಗೆ.

ದ್ರಾವಣ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ತೊಳೆಯುವುದು ಗುಳ್ಳೆ. ದ್ರವವಿಲ್ಲದೆ ಗುಳ್ಳೆಯಿಲ್ಲ. ಗಾಳಿಯಲ್ಲಿ ಎಷ್ಟೇ ಹಾರ್ನ್ ಬಾರಿಸಿದರೂ ಕಾರ್ಬುರೇಟರ್ ಶುಚಿಯಾಗದು. ನಾನು ಹೇಳಿದ್ದ ಬರೀ ಕಂಪನದ ವಿವರಣೆ ಅರ್ಧ ಸತ್ಯವಾಗಿತ್ತು.

ಈ ಒಂದು ಸಂಗತಿ ತಿಳಿದರೆ ಆ ಕೆಲಸದ ಉಳಿದ ನಿಯಮಗಳೂ ತಾವಾಗಿಯೇ ಅರ್ಥವಾಗುತ್ತವೆ. ಆವೃತ್ತಿ ಕಡಿಮೆಯಾದಷ್ಟೂ ಗುಳ್ಳೆ ದೊಡ್ಡದು, ಹೊಡೆತ ಬಲವಾದದ್ದು. ಹಾಗಾಗಿ ಎಂಜಿನಿನ ಒರಟು ಭಾಗಗಳಿಗೆ 20ರಿಂದ 30 ಸಾವಿರ ಹರ್ಟ್ಸ್, ಸಾಮಾನ್ಯ ಕೆಲಸಕ್ಕೆ 40 ಸಾವಿರ, ನಾಜೂಕಾದ ಭಾಗಗಳಿಗೆ 80 ಸಾವಿರ ಅಥವಾ ಅದಕ್ಕೂ ಹೆಚ್ಚು ಬಳಸುತ್ತಾರೆ. ಹೊಸದಾಗಿ ತುಂಬಿದ ನೀರಿನಲ್ಲಿ ಕರಗಿದ ಗಾಳಿ ಹೆಚ್ಚಿದ್ದರೆ ಅದು ಗುಳ್ಳೆಗಳನ್ನು ತುಂಬಿ ಕುಸಿತವನ್ನು ಮೆತ್ತಗಾಗಿಸುತ್ತದೆ. ಆದ್ದರಿಂದ ಮೊದಲು ಸ್ವಲ್ಪ ಹೊತ್ತು ಖಾಲಿ ಓಡಿಸಿ ಗಾಳಿ ಬಿಡಿಸುತ್ತಾರೆ. ವಸ್ತುವನ್ನು ತಳದ ಮೇಲೆ ಇಡದೆ ಜಾಲರಿ ಬುಟ್ಟಿಯಲ್ಲಿ ತೂಗುಹಾಕುತ್ತಾರೆ. ಇಲ್ಲವಾದರೆ ತಳದ ಕಂಪನ ತಡೆಯುತ್ತದೆ, ತೊಟ್ಟಿಯೂ ಸವೆಯುತ್ತದೆ. ಮುತ್ತು, ಓಪಲ್, ಪಚ್ಚೆಯಂಥ ಮೆದು ಅಥವಾ ಒಳಬಿರುಕಿನ ರತ್ನಗಳನ್ನು ಹಾಕುವುದಿಲ್ಲ. ಬೆಂಕಿ ಹತ್ತುವ ದ್ರವ ತುಂಬುವುದಿಲ್ಲ, ಓಡುತ್ತಿರುವ ತೊಟ್ಟಿಗೆ ಕೈ ಹಾಕುವುದಿಲ್ಲ. ಶಸ್ತ್ರಚಿಕಿತ್ಸೆಯ ಸಲಕರಣೆಗಳ ಕೊಳೆ ಇದರಿಂದ ಹೋಗುತ್ತದೆಯೇ ಹೊರತು ಅವು ಕ್ರಿಮಿರಹಿತವಾಗುವುದಿಲ್ಲ. ಅದಕ್ಕೆ ಆಮೇಲೆ ಬೇರೆಯಾಗಿ ಹಬೆಯ ಶುದ್ಧೀಕರಣ ಆಗಬೇಕು.

ಬೆಂಗಳೂರಿನ ನಂಟು

ಲಾಂಜೆವಿನ್ನರ ಕೆಲಸದ ಒಂದು ಎಳೆ ನಮ್ಮ ಬೆಂಗಳೂರಿಗೂ ಬಂದಿದೆ. ಅವರ ಶಿಷ್ಯ ಪಿಯೆರ್ ಬಿಕಾರ್, ರೆನೆ ಲೂಕಾ ಜೊತೆ ಸೇರಿ 1932ರಲ್ಲಿ ಒಂದು ಸಂಗತಿಯನ್ನು ಕಂಡರು. ಶ್ರವಣಾತೀತ ಧ್ವನಿ ಹಾಯುತ್ತಿರುವ ದ್ರವದ ಮೂಲಕ ಬೆಳಕನ್ನು ಬಿಟ್ಟರೆ ಅದು ಹಲವು ಕಿರಣಗಳಾಗಿ ವಿವರ್ತನೆ ಹೊಂದುತ್ತದೆ. ಅಮೆರಿಕದಲ್ಲಿ ಡಿಬೈ ಮತ್ತು ಸಿಯರ್ಸ್ ಅದೇ ವರ್ಷ ಇದನ್ನು ಕಂಡರು. ಏಕೆ ಹೀಗಾಗುತ್ತದೆ ಎಂಬುದಕ್ಕೆ ತೃಪ್ತಿಕರವಾದ ಸಿದ್ಧಾಂತವನ್ನು 1935–36ರಲ್ಲಿ ಬೆಂಗಳೂರಿನಿಂದ ಕೊಟ್ಟವರು ಸರ್ ಸಿ. ವಿ. ರಾಮನ್ ಮತ್ತು ಎನ್. ಎಸ್. ನಾಗೇಂದ್ರನಾಥ್. ರಾಮನ್–ನಾಥ್ ಸಿದ್ಧಾಂತ ಎಂದು ಅದು ಇಂದಿಗೂ ಪಠ್ಯಗಳಲ್ಲಿದೆ. ಪ್ಯಾರಿಸ್ಸಿನ ಪ್ರಯೋಗ, ಬೆಂಗಳೂರಿನ ವಿವರಣೆ ಎಂದು ಮಕ್ಕಳಿಗೆ ಹೇಳುವಾಗ ಅವರ ಕಣ್ಣು ಅರಳುವುದನ್ನು ನಾನು ನೋಡಿದ್ದೇನೆ.

ಮೇಷ್ಟ್ರಾಗಿ ಲಾಂಜೆವಿನ್

ಲಾಂಜೆವಿನ್ನರಿಗೆ ಸಂಶೋಧನೆಯಷ್ಟೇ ಪ್ರಿಯವಾದದ್ದು ಪಾಠ. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವನ್ನು ಫ್ರಾನ್ಸಿನಲ್ಲಿ ಮೊದಲು ಕಲಿಸಿದವರಲ್ಲಿ ಅವರು ಮುಖ್ಯರು. ಮೊದಲ ಮಹಾಯುದ್ಧದ ಕಹಿ ಇನ್ನೂ ಆರದಿದ್ದಾಗಲೇ, 1922ರಲ್ಲಿ, ಐನ್‌ಸ್ಟೈನರನ್ನು ಪ್ಯಾರಿಸ್ಸಿಗೆ ಕರೆಸಿದರು. ಲೂಯಿ ದ ಬ್ರಾಯ್ ತಮ್ಮ ಪ್ರಬಂಧದಲ್ಲಿ ಎಲೆಕ್ಟ್ರಾನ್ ಕೂಡ ತರಂಗವಾಗಿರಬಹುದು ಎಂದಾಗ ಅದನ್ನು ತಳ್ಳಿಹಾಕದೆ, ಐನ್‌ಸ್ಟೈನರಿಗೆ ಕಳಿಸಿ ಅಭಿಪ್ರಾಯ ಕೇಳಿದವರು ಇವರೇ. ಫ್ರೆಡರಿಕ್ ಜೋಲಿಯೊ ಎಂಬ ವಿದ್ಯಾರ್ಥಿಯನ್ನು ಮಾರಿ ಕ್ಯೂರಿಯವರ ಪ್ರಯೋಗಾಲಯಕ್ಕೆ ಶಿಫಾರಸು ಮಾಡಿದವರೂ ಇವರೇ. ದ ಬ್ರಾಯ್ ಮತ್ತು ಜೋಲಿಯೊ ಇಬ್ಬರಿಗೂ ಮುಂದೆ ನೊಬೆಲ್ ಬಹುಮಾನ ಬಂತು. ಲಾಂಜೆವಿನ್ನರಿಗೆ ಬರಲಿಲ್ಲ.

1926ರಲ್ಲಿ ಅಧ್ಯಾಪಕರ ಮುಂದೆ ಅವರು ವಿಜ್ಞಾನದ ಇತಿಹಾಸಕ್ಕಿರುವ ಶೈಕ್ಷಣಿಕ ಮೌಲ್ಯದ ಬಗ್ಗೆ ಉಪನ್ಯಾಸ ಕೊಟ್ಟರು. ಅವರ ವಾದದ ಸಾರ ಹೀಗಿದೆ. ವಿಜ್ಞಾನವನ್ನು ಮುಗಿದುಹೋದ ಫಲಿತಾಂಶಗಳ ಪಟ್ಟಿಯಾಗಿ ಕಲಿಸಿದರೆ ಅದು ಮಂತ್ರದಂತೆ ಆಗಿಬಿಡುತ್ತದೆ. ಮಕ್ಕಳು ನಂಬುತ್ತಾರೆ, ಯೋಚಿಸುವುದಿಲ್ಲ. ಒಂದು ತತ್ವ ಯಾವ ಪ್ರಶ್ನೆಯಿಂದ ಹುಟ್ಟಿತು, ಯಾರು ಎಲ್ಲಿ ಎಡವಿದರು ಎಂಬುದನ್ನೂ ತೋರಿಸಿದರೆ ವಿಜ್ಞಾನ ಇನ್ನೂ ಬೆಳೆಯುತ್ತಿರುವ ಕೆಲಸ ಎಂದು ತಿಳಿಯುತ್ತದೆ. ಕಪ್ಪುಹಲಗೆಯ ಮೇಲೆ ಉಪಯೋಗಗಳ ಪಟ್ಟಿ ಬರೆದಿದ್ದ ನನಗೆ ಇದು ನೇರವಾಗಿ ತಾಗಿತು.

ಸೆರೆ ಮತ್ತು ನಷ್ಟ

1930ರ ದಶಕದಲ್ಲಿ ಯೂರೋಪಿನಲ್ಲಿ ಸರ್ವಾಧಿಕಾರ ಹಬ್ಬುತ್ತಿದ್ದಾಗ ಲಾಂಜೆವಿನ್ ಸುಮ್ಮನಿರಲಿಲ್ಲ. 1934ರಲ್ಲಿ ಫ್ರಾನ್ಸಿನ ಬುದ್ಧಿಜೀವಿಗಳು ಕಟ್ಟಿದ ಫ್ಯಾಸಿಸ್ಟ್ ವಿರೋಧಿ ಸಮಿತಿಯ ಸ್ಥಾಪಕರಲ್ಲಿ ಅವರೂ ಒಬ್ಬರು. 1940ರಲ್ಲಿ ಜರ್ಮನಿ ಪ್ಯಾರಿಸನ್ನು ವಶಪಡಿಸಿಕೊಂಡಿತು. ಅಕ್ಟೋಬರ್ 30ರಂದು, ಅರವತ್ತೆಂಟು ವರ್ಷದ ಲಾಂಜೆವಿನ್ನರನ್ನು ಬಂಧಿಸಿ ಲಾ ಸಾಂತೆ ಸೆರೆಮನೆಗೆ ಹಾಕಿದರು. ನವೆಂಬರ್ 8ರಂದು ವಿದ್ಯಾರ್ಥಿಗಳು ಅವರು ಪಾಠ ಮಾಡುತ್ತಿದ್ದ ಕಾಲೇಜ್ ದ ಫ್ರಾನ್ಸ್ ಮುಂದೆ ಸೇರಿ ಪ್ರತಿಭಟಿಸಿದರು. ಸೈನ್ಯ ಆಳುತ್ತಿದ್ದ ನಗರದಲ್ಲಿ ಒಬ್ಬ ಮೇಷ್ಟ್ರಿಗಾಗಿ ಬೀದಿಗಿಳಿಯುವುದು ಸಣ್ಣ ಮಾತಲ್ಲ.

ಒಂದು ತಿಂಗಳಿಗೂ ಹೆಚ್ಚು ಕಾಲದ ಸೆರೆಯ ನಂತರ ಅವರನ್ನು ತ್ರುವಾ ಎಂಬ ಊರಿನಲ್ಲಿ ಕಾವಲಿನಲ್ಲಿಟ್ಟರು. ಅಷ್ಟಕ್ಕೇ ಮುಗಿಯಲಿಲ್ಲ. ಅವರ ಅಳಿಯ, ಭೌತವಿಜ್ಞಾನಿ ಜಾಕ್ ಸಾಲೊಮನ್ ಅವರನ್ನು 1942ರ ಮೇ ತಿಂಗಳಲ್ಲಿ ಜರ್ಮನರು ಗುಂಡಿಕ್ಕಿ ಕೊಂದರು. ಮಗಳು ಎಲೆನ್ ಅವರನ್ನು 1943ರಲ್ಲಿ ಆಶ್ವಿಟ್ಜ್ ಶಿಬಿರಕ್ಕೆ ಸಾಗಿಸಿದರು. ಅವರು ಬದುಕಿ ಮರಳಿದರು. 1944ರ ಮೇ ತಿಂಗಳಲ್ಲಿ, ಎಪ್ಪತ್ತೆರಡನೇ ವಯಸ್ಸಿನಲ್ಲಿ, ಲಾಂಜೆವಿನ್ ಗಡಿ ದಾಟಿ ಸ್ವಿಟ್ಜರ್‌ಲೆಂಡಿಗೆ ತಪ್ಪಿಸಿಕೊಂಡರು.

ಕೊನೆಯ ಕೆಲಸ

ಪ್ಯಾರಿಸ್ ಬಿಡುಗಡೆಯಾದ ಮೇಲೆ ಮರಳಿದ ಲಾಂಜೆವಿನ್ ವಿಶ್ರಾಂತಿ ಪಡೆಯಲಿಲ್ಲ. 1944ರ ನವೆಂಬರಿನಲ್ಲಿ ಫ್ರಾನ್ಸಿನ ಶಿಕ್ಷಣ ಸುಧಾರಣೆಗೆ ರಚನೆಯಾದ ಆಯೋಗದ ಅಧ್ಯಕ್ಷರಾದರು. 1946ರ ಡಿಸೆಂಬರ್ 19ರಂದು ಅವರು ತೀರಿಕೊಂಡಾಗ ಕೆಲಸ ಮುಗಿದಿರಲಿಲ್ಲ. ಮನೋವಿಜ್ಞಾನಿ ಆಂರಿ ವಾಲೊನ್ ಅದನ್ನು ಮುಂದುವರಿಸಿ 1947ರಲ್ಲಿ ವರದಿ ಸಲ್ಲಿಸಿದರು. ಲಾಂಜೆವಿನ್–ವಾಲೊನ್ ಯೋಜನೆ ಎಂದೇ ಅದು ಪ್ರಸಿದ್ಧ. ಹದಿನೆಂಟು ವರ್ಷದವರೆಗೆ ಎಲ್ಲರಿಗೂ ಶಿಕ್ಷಣ, ಒಂದು ತರಗತಿಯಲ್ಲಿ ಇಪ್ಪತ್ತೈದಕ್ಕಿಂತ ಹೆಚ್ಚು ಮಕ್ಕಳು ಇರಬಾರದು, ಎಲ್ಲ ಹಂತದ ಅಧ್ಯಾಪಕರಿಗೂ ವಿಶ್ವವಿದ್ಯಾಲಯದ ಶಿಕ್ಷಣ, ಕೈಕೆಲಸಕ್ಕೂ ಬುದ್ಧಿಯ ಕೆಲಸಕ್ಕೂ ಸಮಾನ ಗೌರವ ಎಂಬುವು ಅದರ ಮುಖ್ಯ ಸಲಹೆಗಳು. ಯೋಜನೆ ಪೂರ್ತಿಯಾಗಿ ಜಾರಿಯಾಗಲಿಲ್ಲ. ಆದರೂ ಫ್ರಾನ್ಸಿನಲ್ಲಿ ಶಿಕ್ಷಣ ಸುಧಾರಣೆಯ ಚರ್ಚೆ ಎದ್ದಾಗಲೆಲ್ಲ ಅದರ ಹೆಸರು ಬರುತ್ತದೆ. 1948ರಲ್ಲಿ ಲಾಂಜೆವಿನ್ನರ ಅವಶೇಷಗಳನ್ನು, ಅವರ ಗೆಳೆಯ ಜಾನ್ ಪೆರಿನ್ ಅವರ ಅವಶೇಷಗಳ ಜೊತೆ, ಪ್ಯಾರಿಸ್ಸಿನ ಪಾಂಥಿಯಾನ್‌ನಲ್ಲಿ ಇರಿಸಿ ದೇಶ ಗೌರವಿಸಿತು.

ಕೈಕೆಲಸಕ್ಕೆ ಸಮಾನ ಗೌರವ ಎಂಬ ಮಾತು ಅವರ ಬಾಯಲ್ಲಿ ಬರೀ ಆದರ್ಶವಾಗಿರಲಿಲ್ಲ. ಕಲ್ಲನ್ನು ಬಿಲ್ಲೆಗಳಾಗಿ ಕತ್ತರಿಸಿ ಉಕ್ಕಿಗೆ ಅಂಟಿಸಿದ ಅನುಭವ ಅದರ ಹಿಂದಿತ್ತು. ಲೆಕ್ಕ ಮತ್ತು ಕೈ ಎರಡೂ ಸೇರದೆ ಆ ಟ್ರಾನ್ಸ್‌ಡ್ಯೂಸರ್ ಆಗುತ್ತಿರಲಿಲ್ಲ.

ತರಗತಿಗೆ ಮರಳಿ

ಬೋಧನಾಭ್ಯಾಸ ಮುಗಿಯುವ ಮೊದಲು ಅದೇ ತರಗತಿಯಲ್ಲಿ ಇನ್ನೊಂದು ಅವಧಿ ಕೇಳಿ ಪಡೆದೆ. ಮೊದಲು ನನ್ನ ಹಿಂದಿನ ವಿವರಣೆ ಅರೆಬರೆಯಾಗಿತ್ತು ಎಂದು ಒಪ್ಪಿಕೊಂಡೆ. ಹಾರ್ನಿನ ಪ್ರಶ್ನೆ ನಗುವ ಪ್ರಶ್ನೆಯಲ್ಲ, ಸರಿಯಾದ ಪ್ರಶ್ನೆ ಎಂದೂ ಹೇಳಿದೆ. ಆಮೇಲೆ ಒಂದು ಸಣ್ಣ ಚಟುವಟಿಕೆ ಮಾಡಿದೆವು. ಸೂಜಿಯಿಲ್ಲದ ಪ್ಲಾಸ್ಟಿಕ್ ಸಿರಿಂಜಿನಲ್ಲಿ ಕಾಲು ಭಾಗ ಬಿಸಿನೀರು ಎಳೆದುಕೊಂಡು, ಒಳಗಿನ ಗಾಳಿ ಹೊರಹಾಕಿ, ತುದಿಯನ್ನು ರಬ್ಬರ್ ಬಿರಡೆಯಿಂದ ಭದ್ರವಾಗಿ ಮುಚ್ಚಿದೆ. ಹಿಡಿಯನ್ನು ಜೋರಾಗಿ ಹಿಂದಕ್ಕೆ ಎಳೆದಾಗ ಒಲೆಯಿಲ್ಲದೆಯೇ ನೀರಿನಲ್ಲಿ ಗುಳ್ಳೆಗಳು ಎದ್ದವು. ಬಿಟ್ಟಾಗ ಹೆಚ್ಚಿನವು ಮಾಯವಾದವು. ಒತ್ತಡ ಇಳಿದರೆ ಗುಳ್ಳೆ ಹುಟ್ಟುತ್ತದೆ, ಏರಿದರೆ ಕುಸಿಯುತ್ತದೆ. ತೊಟ್ಟಿಯಲ್ಲಿ ಇದೇ ಕೆಲಸ ಸೆಕೆಂಡಿಗೆ 40,000 ಸಲ ನಡೆಯುತ್ತದೆ ಎಂದೆ. ಬಿಸಿನೀರಿನ ಕೆಲಸವನ್ನು ಅಧ್ಯಾಪಕರೇ ಮಾಡಬೇಕು. ಕೈ ಸುಡದಷ್ಟು ಬಿಸಿ ಸಾಕು.

ಕಪ್ಪುಹಲಗೆಯ ಮೇಲೆ ಈ ಸಲ ಪಟ್ಟಿ ಬರೆಯಲಿಲ್ಲ. 1880, 1917, 1950 ಎಂದು ಮೂರು ವರ್ಷ ಬರೆದು, ಕಲ್ಲು ಒತ್ತಿದ ಅಣ್ಣತಮ್ಮಂದಿರಿಂದ ಕನ್ನಡಕದ ಅಂಗಡಿಯವರೆಗೆ ಕಥೆ ಹೇಳಿದೆ. ಹಾರ್ನಿನ ಪ್ರಶ್ನೆ ಕೇಳಿದ್ದ ಹುಡುಗ ಕೊನೆಯಲ್ಲಿ ಮತ್ತೆ ಕೈ ಎತ್ತಿದ. ನೀರಿನ ಬದಲು ಎಣ್ಣೆ ತುಂಬಿದರೆ ಗುಳ್ಳೆ ಅಷ್ಟೇ ಸುಲಭವಾಗಿ ಹುಟ್ಟುತ್ತದೆಯೇ ಎಂಬುದು ಅವನ ಹೊಸ ಪ್ರಶ್ನೆ. ಈ ಸಲ ನಾನು ನಗಲಿಲ್ಲ, ಅವಸರದ ಉತ್ತರವನ್ನೂ ಕೊಡಲಿಲ್ಲ. ನೀರಿಗಿಂತ ಮಂದವಾದ ದ್ರವವನ್ನು ಸೀಳುವುದು ಸುಲಭವೋ ಕಷ್ಟವೋ ಎಂದು ಯೋಚಿಸಿ ಬರಲು ಇಡೀ ತರಗತಿಗೆ ಮನೆಗೆಲಸ ಕೊಟ್ಟೆ. ನನಗೂ ಅದೇ ಮನೆಗೆಲಸ ಎಂದು ಪಾಠಯೋಜನೆ ಪುಸ್ತಕದಲ್ಲಿ ಬರೆದುಕೊಂಡೆ.